ಸಂಡಿಗೆ ಕಾಯುವ ಕಣ್ಣು

ಬೇಸಿಗೆ ರಜೆಯಲ್ಲಿ ತಾರಸಿ ಮೇಲೆ ಸಂಡಿಗೆ ಕಾಯುವುದು ಒಂದು ಕಾಲಕ್ಕೆ ಮನೆಯ ಮಕ್ಕಳ ಉದ್ಯೋಗ. ಕೈಯಲ್ಲೊಂದು ಕೋಲು, ತಲೆ ಮೇಲೊಂದು ಹಳೆ ಕೊಡೆ, ಸಂಬಳವಾಗಿ ಅರೆ ಒಣಗಿದ ಸಂಡಿಗೆಯನ್ನು ಕದ್ದು ತಿನ್ನುವ ಅಘೋಷಿತ ಹಕ್ಕು. ಈಗಿನ ಮಕ್ಕಳಿಗೆ ಏಪ್ರಿಲ್ ಬಂತೆಂದರೆ ಈಜು, ಚೆಸ್ಸು, ಸಮ್ಮರ್ ಕ್ಯಾಂಪು. ಕಾಗೆಗಳಿಗೆ ಯಾವ ಕ್ಯಾಂಪೂ ಇಲ್ಲ. ನಮ್ಮಮ್ಮನಂತೂ ಸಬ್ಬಕ್ಕಿ ಸಂಡಿಗೆ ಇಡುವುದನ್ನು ಬಿಟ್ಟವಳಲ್ಲ. ಬಿಳಿ ಪಂಚೆ ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಬೆಳಗಿನ ತಂಪಿನಲ್ಲೇ ಸಾಲುಸಾಲಾಗಿ ಇಟ್ಟು ಇಳಿದುಬರುತ್ತಾಳೆ. ಕಾಯುವವರು ಯಾರು?

ಕಾಗೆ ಬಂದರೆ ಗುರುತು ಹಿಡಿದು ಬಜರ್ ಹೊಡೆಯುವ ಯಂತ್ರವೊಂದನ್ನು ಮಾಡಿಬಿಡೋಣ ಅನ್ನಿಸಿದ್ದು ಹೀಗೆ. ಇದಕ್ಕೆ ದೊಡ್ಡ ವಿದ್ಯೆಯೇನೂ ಬೇಕಿಲ್ಲ. 1999ರಲ್ಲಿ ಇಂಟೆಲ್‌ನಲ್ಲಿ ಶುರುವಾದ ಓಪನ್‌ಸಿವಿ ಪುಕ್ಕಟೆ ಸಿಗುತ್ತದೆ. ಚಿತ್ರದಲ್ಲಿ ಏನೇನಿದೆ ಎಂದು ಚೌಕ ಹಾಕಿ ತೋರಿಸುವ ಯೋಲೊದಂಥ ಮಾದರಿಗಳೂ ಇಳಿಸಿಕೊಳ್ಳಲು ಸಿಗುತ್ತವೆ. ಮಿದುಳಿನ ಕೆಲಸಕ್ಕೆ ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇತ್ತು. ದುಡ್ಡು ಕೊಟ್ಟು ತರಬೇಕಾದದ್ದು ಕ್ಯಾಮೆರಾ ಒಂದೇ. ಆ ಆಯ್ಕೆಯ ಸುಖವನ್ನು ನಾನು ಬೇಕೆಂದೇ ಎಳೆದೆ. ಸೀರೆ ಕೊಳ್ಳಲು ಹೋದವರು ಅಂಗಡಿಯ ಕಪಾಟೆಲ್ಲ ಕೆಳಗಿಳಿಸಿ ನೋಡುವ ಸುಖವೇ ಇದು. ಕೊನೆಗೆ ಒಯ್ಯುವುದು ಒಂದನ್ನೇ ಆದರೇನು!

ಎಸ್‌ಪಿ ರೋಡ್ ಎಂದು ಊರೆಲ್ಲ ಕರೆಯುವ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ ಕ್ಯಾಮೆರಾ ಕೇಳಿದರೆ ಮೊದಲು ಬರುವ ಮರುಪ್ರಶ್ನೆ ಒಂದೇ: “ಎಷ್ಟು ಮೆಗಾಪಿಕ್ಸೆಲ್ ಸಾರ್?” ಮನುಷ್ಯರಿಗೆ ಅದು ಸರಿಯಾದ ಪ್ರಶ್ನೆಯೇ. ಮದುವೆ ಫೋಟೊದಲ್ಲಿ ಅತ್ತೆಯ ಮೂಗುತಿ ಹೊಳೆಯಬೇಕು ತಾನೆ. ಯಂತ್ರಕ್ಕೆ ಆ ಹಂಬಲವಿಲ್ಲ. ಎಂಥ ಭರ್ಜರಿ ಚಿತ್ರ ಕೊಟ್ಟರೂ ಯೋಲೊ ಸಾಮಾನ್ಯವಾಗಿ ಅದನ್ನು 640ಕ್ಕೆ 640 ಚುಕ್ಕಿಗಳಿಗೆ ಕುಗ್ಗಿಸಿಕೊಂಡೇ ನೋಡುವುದು. ಲೆಕ್ಕ ಹಾಕಿದರೆ ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ಅರ್ಧ ಮೆಗಾಪಿಕ್ಸೆಲ್ಲೂ ಆಗಲಿಲ್ಲ. ಹನ್ನೆರಡು ಮೆಗಾಪಿಕ್ಸೆಲ್‌ಗೆ ಕೊಟ್ಟ ದುಡ್ಡಿನ ಬಹುಪಾಲು ಬಾಗಿಲಲ್ಲೇ ಸೋರಿಹೋಯಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನವರು 1991ರಲ್ಲಿ ಕಾಫಿ ಪಾತ್ರೆಯ ಮುಂದೆ ಕ್ಯಾಮೆರಾ ಕಟ್ಟಿದರಲ್ಲ, ಅದರ ಚಿತ್ರ 128ಕ್ಕೆ 128, ಅದೂ ಕಪ್ಪುಬಿಳುಪು. ಕಾಫಿ ಇದೆಯೋ ಇಲ್ಲವೋ ಎಂದು ತಿಳಿಯಲು ಅಷ್ಟೇ ಧಾರಾಳವಾಗಿ ಸಾಕಾಗಿತ್ತು.

ಹಾಗಾದರೆ ಕೇಳಬೇಕಾದದ್ದೇನು? ಕಾಗೆಯ ಮೇಲೆ ಎಷ್ಟು ಚುಕ್ಕಿ ಬೀಳುತ್ತದೆ ಎಂದು. ಚಿತ್ರದ ಅಗಲಕ್ಕೆ ತಾರಸಿಯ ಆರು ಮೀಟರ್ ಸಿಕ್ಕಿದೆ ಎನ್ನಿ. 640 ಚುಕ್ಕಿಗೆ ಹಂಚಿದರೆ ಚುಕ್ಕಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಊರುಗಾಗೆ ಕೊಕ್ಕಿನಿಂದ ಬಾಲದವರೆಗೆ ನಲವತ್ತು ಸೆಂಟಿಮೀಟರ್ ಇರುವುದರಿಂದ ನಲವತ್ತು ಚುಕ್ಕಿಯ ಕಾಗೆ ಸಿಕ್ಕಿತು. ಯಂತ್ರಕ್ಕೆ ಅಷ್ಟು ಸಾಕು. ಅಳಿಲಾದರೆ ಹದಿನೈದೇ ಚುಕ್ಕಿ, ಗುರುತು ಸಿಕ್ಕರೆ ನಮ್ಮ ಪುಣ್ಯ. ಆದ್ದರಿಂದ ಲೆನ್ಸಿನ ಕೋನವನ್ನು ಮೊದಲು ನೋಡಬೇಕು. ವೈಡ್ ಆ್ಯಂಗಲ್ ಎಂದು ಮೆರೆಸುವ ಕ್ಯಾಮೆರಾ ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕು, ಒಣಹಾಕಿದ ಬಟ್ಟೆ, ಅವರ ತುಳಸಿಕಟ್ಟೆ ಎಲ್ಲವನ್ನೂ ತಂದುಕೊಟ್ಟು ಕಾಗೆಯನ್ನು ಸಾಸಿವೆಕಾಳು ಮಾಡಿಡುತ್ತದೆ.

ಕಣ್ಣು ಮೊದಲು ಹೋದದ್ದು ಇಎಸ್‌ಪಿ32-ಕ್ಯಾಮ್ ಎಂಬ ಪುಟ್ಟ ಬೋರ್ಡಿನ ಮೇಲೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಚಪ್ಪಟೆ ರಿಬ್ಬನ್ನಿನ ತುದಿಯಲ್ಲಿ ಕರಿಬೇವಿನ ಹಣ್ಣಿನಷ್ಟು ಲೆನ್ಸು, ಪಕ್ಕದಲ್ಲಿ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ, ಬೆನ್ನ ಹಿಂದೆ ವೈಫೈ ಚಿಪ್ಪು. ಒಳಗಿರುವ ಓವಿ2640 ಸೆನ್ಸರ್ ಎರಡು ಮೆಗಾಪಿಕ್ಸೆಲ್ಲಿನದು. ಇಷ್ಟೆಲ್ಲ ಸಾವಿರ ರೂಪಾಯಿಯೊಳಗೆ! ಆದರೆ ಅಗ್ಗದ ಸಾಮಾನಿನ ಸಿಡುಕು ಅದಕ್ಕೂ ಇದೆ. ಬೋರ್ಡಿನಲ್ಲಿ ಯುಎಸ್‌ಬಿ ಕಿಂಡಿಯೇ ಇಲ್ಲ. ಪ್ರೋಗ್ರಾಂ ತುಂಬಲು ಬೇರೊಂದು ಬೋರ್ಡು ತರಬೇಕು. ಬಡಕಲು ಚಾರ್ಜರಿಗೆ ಸಿಕ್ಕಿಸಿದರೆ ವೈಫೈ ಎದ್ದೊಡನೆ ವೋಲ್ಟೇಜು ಕುಸಿದು, ‘ಬ್ರೌನ್ಔಟ್’ ಎಂದು ಬರೆದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ತಾನಾಗಿ ಯೋಲೊ ಓಡಿಸುವ ತ್ರಾಣವೂ ಇಲ್ಲ, ಚಿತ್ರ ಕಳಿಸಬಲ್ಲದು ಅಷ್ಟೆ. ಆದರೂ ಕೇಬಲ್ ಎಳೆಯಲಾಗದ ಜಾಗಕ್ಕೆ ಇದರಷ್ಟು ಸಲೀಸು ಬೇರೆ ಕಾಣೆ. ಒಂದನ್ನು ಜೇಬಿಗಿಳಿಸಿದೆ. ಕೆಲಸಕ್ಕೆ ಬಾರದಿದ್ದರೂ ಇರಲಿ ಎನ್ನಿಸುವ ಬೆಲೆ.

ಇನ್ನು ವೆಬ್‌ಕ್ಯಾಮು. ಡಬ್ಬಿಯ ಮೇಲಿನ ಬರಹವನ್ನು ನಾನು ರಾಜಕೀಯ ಭಾಷಣದಂತೆಯೇ ಕೇಳಿಸಿಕೊಳ್ಳುವುದು. ‘1080 ಪಿ, ಸೆಕೆಂಡಿಗೆ 30 ಚಿತ್ರ’ ಎಂದಿರುತ್ತದೆ. ಹಿಂಡದ ಹಸಿ ಚಿತ್ರವನ್ನು ಆ ವೇಗದಲ್ಲಿ ಕಳಿಸಲು ಸೆಕೆಂಡಿಗೆ ಸಾವಿರ ಮೆಗಾಬಿಟ್‌ನ ಹತ್ತಿರ ಬೇಕು; ಯುಎಸ್‌ಬಿ 2ರ ಗರಿಷ್ಠ ಮಿತಿಯೇ 480. ಹಾಗಾಗಿ ಕ್ಯಾಮೆರಾ ಪ್ರತಿ ಚಿತ್ರವನ್ನೂ ಜೆಪೆಗ್ ಮಾಡಿ ಕುಗ್ಗಿಸಿ ಕಳಿಸುತ್ತದೆ. ಕಳಪೆ ಸಾಮಾನಿನಲ್ಲಿ ಆ ಕುಗ್ಗಿಸುವಿಕೆಯೇ ಕಾಗೆಯ ಅಂಚನ್ನು ಕಲಸಿಬಿಡುತ್ತದೆ. 720 ಪಿ ಎಂದು ಪ್ರಾಮಾಣಿಕವಾಗಿ ಬರೆದುಕೊಂಡ ಕ್ಯಾಮೆರಾ ನನಗೆ ಹೆಚ್ಚು ಹಿತ. ಫಿಕ್ಸೆಡ್ ಫೋಕಸ್ ಆದರೆ ಇನ್ನೂ ಹಿತ. ಆಟೋಫೋಕಸ್ ಎಂಬುದು ಗಾಳಿಗೆ ಪಂಚೆ ಅಲ್ಲಾಡಿದರೂ ಹಿಂದೆಮುಂದೆ ತಡಕಾಡುತ್ತದೆ, ಅಷ್ಟರಲ್ಲಿ ಕಾಗೆ ಬಂದು ಹೋಗಿರುತ್ತದೆ.

ಅಂಗಡಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಸಿಕ್ಕಿಸಿ ನೋಡಿದೆ. ಪರದೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿಗಳು ಮೆಲ್ಲಗೆ ತೇಲಿಹೋದವು. “ಪೀಸ್ ಹೋಗಿದೆ ಸಾರ್, ಬೇರೆ ಕೊಡ್ತೀನಿ ತಡೀರಿ,” ಎಂದ ಹುಡುಗ. ಪೀಸ್ ಹೋಗಿರಲಿಲ್ಲ. ನಮ್ಮ ಕರೆಂಟು 50 ಹರ್ಟ್ಸ್‌ನದು. ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕ್ಯಾಮೆರಾ ಅಮೆರಿಕದ 60ಕ್ಕೆ ಹೊಂದಿಸಿಕೊಂಡು ಕೂತಿತ್ತು. ಸೆಟ್ಟಿಂಗ್‌ನಲ್ಲಿ 50 ಮಾಡಿದೊಡನೆ ಪಟ್ಟಿಗಳು ಮಾಯ. ಹುಡುಗ ನನ್ನನ್ನು ಸ್ವಲ್ಪ ಗೌರವದಿಂದ ನೋಡಿದ, ಬೆಲೆ ಮಾತ್ರ ಇಳಿಸಲಿಲ್ಲ. ಸಂಡಿಗೆ ಒಣಗುವುದು ಸೂರ್ಯನ ಕೆಳಗೆ, ಅಲ್ಲಿ ಈ ಪಟ್ಟಿಯ ಕಾಟವೇ ಇಲ್ಲ ಎಂಬುದು ಬೇರೆ ಮಾತು.

ಅಲ್ಲಿಯ ಕಾಟ ಇನ್ನೊಂದು. ಬಿಳಿ ಪಂಚೆ, ಕರಿ ಕಾಗೆ, ನಡುಹಗಲ ಬಿಸಿಲು. ಕಣ್ಣಿಗೆ ಇದಕ್ಕಿಂತ ಸುಲಭವಾದ ನೋಟ ಇಲ್ಲ, ಅಗ್ಗದ ಸೆನ್ಸರಿಗೆ ಇದಕ್ಕಿಂತ ಕಷ್ಟವಾದದ್ದು ಇಲ್ಲ. ಪಂಚೆಯ ಬೆಳಕಿಗೆ ಹೆದರಿ ಆಟೋ ಎಕ್ಸ್‌ಪೋಷರ್ ಚಿತ್ರವನ್ನೆಲ್ಲ ಕಪ್ಪು ಮಾಡುತ್ತದೆ. ಕಾಗೆ ಬರೀ ಮಸಿಯ ಮುದ್ದೆ. ಮೋಡ ಬಂತೋ, ಚಿತ್ರ ತಿಳಿಯಾಗಲು ಮತ್ತಷ್ಟು ಹೊತ್ತು. ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್‌ಗಳನ್ನು ಕೈಯಲ್ಲೇ ಹೊಂದಿಸಿ ಬೀಗ ಹಾಕಲು ಬಿಡುವ ಕ್ಯಾಮೆರಾ ಬೇಕು. ನನ್ನ ಮಟ್ಟಿಗೆ ಮೆಗಾಪಿಕ್ಸೆಲ್ಲು, ಬ್ರ್ಯಾಂಡು ಎಲ್ಲ ಇದರ ನಂತರ.

ರಾಸ್ಪ್‌ಬೆರಿ ಪೈ ಕ್ಯಾಮೆರಾಗಳ ಬಗ್ಗೆ ನನಗೆ ಪ್ರೀತಿಯೇನೋ ಇದೆ. 2013ರ ಮೊದಲ ಮಾದರಿಯ ಐದು ಮೆಗಾಪಿಕ್ಸೆಲ್ ಓವಿ5647 ಸೆನ್ಸರಿನ ನಕಲುಗಳು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ. 2023ರ ಮೂರನೆಯ ಮಾದರಿ ಇನ್ನೂ ಸೊಗಸು. ಆದರೆ ಅವಕ್ಕೆ ಪೈ ಬೋರ್ಡೂ ಬೇಕು, ಪೈ 5ಕ್ಕಾದರೆ ಸಣ್ಣ ಮೂತಿಯ ಬೇರೆ ರಿಬ್ಬನ್ನೂ ಬೇಕು. “ಆ ದುಡ್ಡಿಗೆ ಪೇಟೇಲಿ ಎಷ್ಟು ಕೇಜಿ ಸಂಡಿಗೆ ಬರುತ್ತೆ ಗೊತ್ತೇನೋ?” ಎಂದು ಅಮ್ಮ ಕೇಳಿದ ಮೇಲೆ ಆ ದಾರಿ ಮುಚ್ಚಿತು. ಗ್ಲೋಬಲ್ ಶಟರ್ ಇರುವುದನ್ನೇ ತಗೋ ಎಂದು ಗೆಳೆಯನೊಬ್ಬ ಹಟ ಹಿಡಿದ. ಸಾಮಾನ್ಯ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ತಿರುಗುವ ಫ್ಯಾನಿನ ರೆಕ್ಕೆ ಡೊಂಕಾಗಿ ಕಾಣುತ್ತದೆ, ನಿಜ. ಸಂಡಿಗೆಗೆ ಬರುವ ಕಾಗೆ ಫ್ಯಾನಲ್ಲ. ಅದು ಇಳಿದು, ಅತ್ತಿತ್ತ ನೋಡಿ, ಓರೆಯಾಗಿ ಎರಡು ಹೆಜ್ಜೆ ಕುಪ್ಪಳಿಸಿ, ಆರಿಸಿಕೊಂಡು ತಿನ್ನುತ್ತದೆ. ಮನೆಯ ಹಳೆ ಮೊಬೈಲನ್ನೇ ಕಟ್ಟಬಹುದಿತ್ತು. ಏಪ್ರಿಲ್ ಬಿಸಿಲಿಗೆ ಅದರ ಬ್ಯಾಟರಿ ಉಬ್ಬುವ ಭಯ.

ಹಳೆ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದು ಪ್ಲೇಸ್ಟೇಷನ್ ಐ. ಸೋನಿಯವರು 2007ರಲ್ಲಿ ಆಟಕ್ಕೆಂದು ಮಾಡಿದ್ದು, 640ಕ್ಕೆ 480, ಸೆಕೆಂಡಿಗೆ 60 ಚಿತ್ರ. ಆಟ ಮರೆತುಹೋದರೂ ಹವ್ಯಾಸಿಗಳು ಇದನ್ನು ಕೈಬಿಡಲಿಲ್ಲ. ಲೆನ್ಸಿನ ಸುತ್ತಲಿನ ಬಳೆ ತಿರುಗಿಸಿದರೆ ಟಕ್ಕೆಂದು ನೋಟ 75 ಡಿಗ್ರಿಯಿಂದ 56ಕ್ಕೆ ಕಿರಿದಾಗುತ್ತದೆ. ಲಿನಕ್ಸ್‌ನಲ್ಲಿ ಸಿಕ್ಕಿಸಿದೊಡನೆ ಓಡುತ್ತದೆ, ಎಕ್ಸ್‌ಪೋಷರಿಗೆ ಬೀಗವೂ ಬೀಳುತ್ತದೆ. ಕಾಗೆ ಕಾಯಲು ಇನ್ನೇನು ಬೇಕು? ಯುಎಸ್‌ಬಿ 2ರ ಕೇಬಲ್ ಐದು ಮೀಟರ್ ದಾಟಬಾರದು, ಹಾಗಾಗಿ ಲ್ಯಾಪ್‌ಟಾಪನ್ನು ಮೆಟ್ಟಿಲ ಹೆಡ್‌ರೂಮಿನಲ್ಲೇ ಕೂರಿಸಿ, ಕ್ಯಾಮೆರಾವನ್ನು ಕಿಟಕಿಯ ಸಜ್ಜೆಯ ನೆರಳಿಗೆ ಕಟ್ಟಿದೆ.

ಕಾಗೆ ಬಂತು, ‘ಬರ್ಡ್’ ಎಂದು ಚೌಕ ಬಿತ್ತು, ಬಜರ್ ಹೊಡೆಯಿತು, ಕಾಗೆ ಹಾರಿತು. ಅಳಿಲು ಬಂದಾಗ ಯಂತ್ರ ತೆಪ್ಪಗಿತ್ತು. ಯೋಲೊ ಪಾಠ ಕಲಿತದ್ದು ಮೈಕ್ರೋಸಾಫ್ಟ್‌ನವರು 2014ರಲ್ಲಿ ಹೊರತಂದ ಕೊಕೊ ಚಿತ್ರಸಂಗ್ರಹದಿಂದ. ಅದರ ಎಂಬತ್ತು ಹೆಸರುಗಳಲ್ಲಿ ಜೀಬ್ರಾ ಇದೆ, ಜಿರಾಫೆ ಇದೆ, ಆನೆ, ಕರಡಿ ಇವೆ. ಅಳಿಲಿಲ್ಲ, ಮಂಗನೂ ಇಲ್ಲ. ಜಿರಾಫೆ ಬಂದರೆ ಸಂಡಿಗೆ ಭದ್ರ!

ಈಗ ಅಳಿಲಿನ ಪಾಠ ನಡೆದಿದೆ. ಮೊಬೈಲಿನ ಅಂದದ ಫೋಟೊ ಕೊಟ್ಟು ಕಲಿಸಿದರೆ ಈ ಕ್ಯಾಮೆರಾದ ಮಬ್ಬು ಅಳಿಲನ್ನು ಅದು ಗುರುತಿಸುವ ಭರವಸೆಯಿಲ್ಲ. ಕಾಯುವ ಕಣ್ಣಿನಿಂದಲೇ ಪಾಠದ ಚಿತ್ರವೂ ಬರಬೇಕು. ಸಂಜೆ ನಾನು ಚೌಕ ಹಾಕುತ್ತ ಕೂತರೆ ಅಮ್ಮ ಕನ್ನಡಕ ಏರಿಸಿ ಪಕ್ಕಕ್ಕೆ ಬರುತ್ತಾಳೆ. “ಇದು ಅಳಿಲಲ್ಲ ಕಣೋ, ಬಾಳಕದ ಮೆಣಸಿನಕಾಯಿ. ತೆಗಿ.” ತೆಗೆಯುತ್ತೇನೆ. “ಅದರ ಹಿಂದಿರೋದು ಅಳಿಲು. ಬಾಲ ನೋಡು.”