ಸಣ್ಣ ಕಾರು, ಸುಗ್ಗಿಯ ದಾರಿ

ಪುಷ್ಯ ಮಾಸದ ನಸುಕಿನಲ್ಲಿ ಮೊರಬದ ಒಲೆಗಳ ಹೊಗೆ ಮೇಲಕ್ಕೆ ಹೋಗುವುದಿಲ್ಲ. ಮಾಳಿಗೆ ಮನೆಗಳ ನೆತ್ತಿಯಿಂದ ಒಂದಾಳೆತ್ತರ ಏರಿ, ಅಲ್ಲೇ ಕಂಬಳಿ ಹಾಸಿದಂತೆ ಅಡ್ಡಡ್ಡ ಹರಡಿಕೊಳ್ಳುತ್ತದೆ. ರಾತ್ರಿಯಿಡೀ ಬಯಲು ನೆಲ ತನ್ನ ಶಾಖವನ್ನು ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಿರುತ್ತದೆ. ನೆಲಕ್ಕಂಟಿದ ಗಾಳಿಯೂ ಅದರೊಂದಿಗೆ ತಣ್ಣಗಾಗಿ, ಭಾರವಾಗಿ ಕೆಳಗೇ ಕೂತಿರುತ್ತದೆ. ಮೇಲಿನ ಗಾಳಿಯೇ ಬೆಚ್ಚಗಿರುವಾಗ ಹೊಗೆಗೆ ಏರುವ ದಾರಿಯೆಲ್ಲಿ?

ಅಂಥದೊಂದು ನಸುಕಿನಲ್ಲಿ, ಬನದ ಹುಣ್ಣಿಮೆ ಕಳೆದ ಮರುವಾರ, ನವಲಗುಂದ ತಾಲೂಕಿನ ಈ ಊರಿನ ಒಂದು ಒಕ್ಕಲುತನದ ಮನೆಯ ಮುಂದೆ ಬಿಳಿ ಮಾರುತಿ 800 ಕಾರೊಂದು ಹೊರಡಲು ಸಜ್ಜಾಗಿ ನಿಂತಿತ್ತು. ಹೊರಟವರು ಐವರು. ಮನೆಯ ಯಜಮಾನ, ಅವನ ಹೆಂಡತಿ, ಒಂಬತ್ತನೆಯ ಇಯತ್ತೆಯ ಮಗಳು, ಐದನೆಯ ಇಯತ್ತೆಯ ಮಗ ಮತ್ತು ಎಪ್ಪತ್ತು ದಾಟಿದ ಅವ್ವ. ಅವ್ವನ ಹರಕೆ ಬನಶಂಕರಿಯದು, ಮಕ್ಕಳ ಆಸೆ ಗೋಳಗುಮ್ಮಟದ್ದು. ಎರಡನ್ನೂ ಸೇರಿಸಿ ಮೂರು ದಿನದ, ನಾನೂರು ಕಿಲೋಮೀಟರಿಗೆ ಮಿಕ್ಕಿದ ಒಂದು ಸುತ್ತು ಗೊತ್ತಾಗಿತ್ತು. ಹೊಲದಲ್ಲಿ ತೊಗರಿ ಕಟಾವಾಗಿ ಒಣಗುತ್ತಿತ್ತು. ತಿರುಗಿ ಬಂದ ಮೇಲೆ ಎಂದಿನಂತೆ ಊರ ಹೊರಗಿನ ಡಾಂಬರು ರಸ್ತೆಯ ಮೇಲೆ ಹಾಸಿ ಬಡಿದರಾಯಿತು ಎಂದು ಯಜಮಾನ ಆಳಿಗೆ ಹೇಳಿಟ್ಟಿದ್ದ.

1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರಸ್ತೆಗಿಳಿದ ಮಾರುತಿ 800, 2014ರ ಜನವರಿಯಲ್ಲಿ ಕಾರ್ಖಾನೆಯಿಂದ ಹೊರಬರುವುದು ನಿಂತಿತು. ಆದರೆ ಹಳ್ಳಿಗಳಲ್ಲಿ ಅದರ ಓಡಾಟ ನಿಂತಿಲ್ಲ. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ಹನ್ನೆರಡು ಇಂಚಿನ ಗಾಲಿ, ಆರೂವರೆ ಕ್ವಿಂಟಲ್ ಆಸುಪಾಸಿನ ತೂಕ. ಐದು ಜನ, ಅವರ ಗಂಟುಗದಡಿ ಸೇರಿದರೆ ಕಾರು ತನ್ನ ತೂಕದ ಅರ್ಧದಷ್ಟನ್ನು ಹೊತ್ತಂತಾಗುತ್ತದೆ. ಆಗ ಹೊಟ್ಟೆ ನೆಲಕ್ಕೆ ಇನ್ನೂ ಹತ್ತಿರವಾಗುತ್ತದೆ. ಹಿಂದಿನ ದಿನವೇ ಗಾಲಿಗೆ ಗಾಳಿ ತುಂಬಿಸಿ ತಂದಿದ್ದರೂ ಯಜಮಾನ ಬೆಳಿಗ್ಗೆ ಮತ್ತೊಮ್ಮೆ ನೋಡಿದ. ಚಳಿ ಹತ್ತು ಡಿಗ್ರಿ ಇಳಿಸಿದರೆ ಗಾಲಿಯ ಒತ್ತಡ ಸುಮಾರು ಒಂದೂವರೆ ಪೌಂಡ್ ಇಳಿಯುತ್ತದೆ. ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್, ನೀರಿನ ಕ್ಯಾನು. ಅವುಗಳ ಮೇಲೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮತ್ತು ಸಂಕ್ರಾಂತಿಗೆ ಮಾಡಿದ್ದರಲ್ಲಿ ಉಳಿದ ಎಳ್ಳಹೋಳಿಗೆಯ ಬುತ್ತಿ.

ಎರಿ ನೆಲದ ಮೇಲೆ

ಮೊರಬದಿಂದ ನವಲಗುಂದದ ಕಡೆಗೆ ಹೊರಟರೆ ಎರಡೂ ಬದಿಗೆ ಎರಿ ಹೊಲಗಳು. ಈ ಸೀಮೆಯಲ್ಲಿ ಸಣ್ಣ ಕಾರಿಗೆ ಚಳಿಗಾಲವೇ ಸರಿಯಾದ ಕಾಲ. ಮಳೆಗಾಲದಲ್ಲಿ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳು ತುಂಬಿ ಬಂದರೆ ದಾರಿಗಳೇ ಕಡಿದುಹೋಗುತ್ತವೆ. ಹೊಲದ ದಾರಿಗೆ ಇಳಿದ ಗಾಲಿಗೆ ಎರಿ ಮಣ್ಣು ಸುತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಈ ಮಣ್ಣಿನಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮೇಲೆ ಹಾಸಿದ ಡಾಂಬರು ಅದರೊಡನೆ ಏರಿಳಿಯಲೇಬೇಕು. ಸಮನಾದ ಬಯಲಿನಲ್ಲೂ ರಸ್ತೆ ಅಲೆ ಅಲೆಯಾಗಿರುವುದಕ್ಕೆ ಗುತ್ತಿಗೆದಾರನೊಬ್ಬನನ್ನೇ ಬೈದರೆ ಸಾಲದು, ಮಣ್ಣಿನ ಪಾಲೂ ಇದೆ.

ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಜೋಳದ ಹೊಲದ ಅಂಚಿಗೆ ಮುಳ್ಳಿನ ಕುಸುಬಿ, ದನಗಳಿಗೆ ತಡೆಯಾಗಲೆಂದು ಹಿರಿಯರು ಕಂಡುಕೊಂಡ ಬೇಲಿ. ನಡುನಡುವೆ ಕಡಲೆ ಹೊಲಗಳ ಮೇಲೆ ಇಬ್ಬನಿ ಮಿಂಚುತ್ತಿತ್ತು. ಮಗ ಇಳಿದು ಒಂದು ಎಲೆ ಕಿತ್ತು ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದ. ಕಡಲೆ ಗಿಡ ತನ್ನ ಎಲೆಗಳ ಮೇಲೆ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಒಸರುತ್ತದೆ. ಹಿಂದೆ ರಾತ್ರಿ ಗಿಡಗಳ ಮೇಲೆ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಈ ಹುಳಿಯನ್ನು ಕೂಡಿಡುತ್ತಿದ್ದರು. “ಹೊಟ್ಟಿ ಉಬ್ಬರಕ್ಕ ಇದರಂಥಾ ಔಷಧ ಇಲ್ಲ” ಎಂದಳು ಅವ್ವ.

ನವಲಗುಂದವೆಂದರೆ ಜಮಖಾನೆಯ ಊರು. ಇಲ್ಲಿಯ ಹೆಣ್ಣುಮಕ್ಕಳು ಮಗ್ಗದಲ್ಲಿ ನೇಯುವ ಜಮಖಾನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ನರಗುಂದ. ದೂರದಿಂದಲೇ ಕಾಣುವ ಆ ಗುಡ್ಡ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಬಾಬಾಸಾಹೇಬ ಭಾವೆಯದು. ಈ ಎರಡು ಊರುಗಳ ಹೆಸರು ಮತ್ತೊಮ್ಮೆ ನಾಡಿನ ಕಿವಿಗೆ ಬಿದ್ದದ್ದು 1980ರ ಜುಲೈ 21ರಂದು. ಮಲಪ್ರಭಾ ಕಾಲುವೆಯ ಅಚ್ಚುಕಟ್ಟಿನ ಕರದ ವಿರುದ್ಧ ರೈತರು ಎದ್ದ ದಿನ ಅದು. ಗೋಲೀಬಾರಿನಲ್ಲಿ ರೈತರು ಸತ್ತರು. ನರಗುಂದ ದಾಟುವಾಗ ಯಜಮಾನ ಮಕ್ಕಳಿಗೆ ಅದನ್ನು ಹೇಳಿದ. ಆಗ ಅವನಿನ್ನೂ ಚಿಕ್ಕವ. ಅವ್ವನಿಗೆ ಮಾತ್ರ ಆ ದಿನ ಚೆನ್ನಾಗಿ ನೆನಪಿತ್ತು.

ಕಲ್ಲಿನ ನಾಡಿನಲ್ಲಿ

ಕುಳಗೇರಿ ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿಗೇ ನೆಲದ ಬಣ್ಣ ಬದಲಾಗುತ್ತದೆ. ಎರಿ ಹೋಗಿ ಮಸಾರಿ ಬರುತ್ತದೆ, ಬಾದಾಮಿ ಹತ್ತಿರವಾದಂತೆ ಕೆಂಪು ಮರಳುಗಲ್ಲಿನ ಗುಡ್ಡಗಳು ಏಳುತ್ತವೆ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ತೇರು ಎಳೆದು ವಾರವಾಗಿತ್ತು, ಜಾತ್ರೆ ಮಾತ್ರ ತುಂಬಿಕೊಂಡೇ ಇತ್ತು. ನಾಟಕ ಕಂಪನಿಗಳ ತಗಡಿನ ಥೇಟರುಗಳು, ಮಾರಾಟಕ್ಕೆ ಸಾಲಾಗಿ ನಿಲ್ಲಿಸಿದ ಕಟ್ಟಿಗೆಯ ಬಾಗಿಲು ಚೌಕಟ್ಟುಗಳು, ತಲೆಯ ಮೇಲೆ ಬುಟ್ಟಿ ಹೊತ್ತು ರೊಟ್ಟಿ, ಪಲ್ಯ, ಮೊಸರು ಮಾರುವ ಹೆಂಗಸರು. ಅವ್ವ ಹರಕೆ ತೀರಿಸಿ ಹೊಂಡದ ಕಟ್ಟೆಯ ಮೇಲೆ ಕೂತಳು. ಮನೆಯ ಬುತ್ತಿ ಇದ್ದರೂ ಬುಟ್ಟಿಯ ರೊಟ್ಟಿಯನ್ನೇ ಕೊಂಡು ತಿಂದಳು. “ಇಲ್ಲಿಗೆ ಬಂದು ಇದನ್ನ ತಿನ್ನಲಿಲ್ಲಂದ್ರ ಜಾತ್ರಿ ಮಾಡಿಧಂಗ ಅಲ್ಲ.”

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಮಗಳ ಕಣ್ಣು ಅದಕ್ಕಿಂತ ಹಳೆಯ ಬರಹದ ಮೇಲಿತ್ತು. ಬಂಡೆಯ ಮೈಮೇಲೆ ಓರೆ ಓರೆಯಾದ ಪದರಗಳು, ಅಲ್ಲಲ್ಲಿ ಸಣ್ಣ ಅಲೆಯಂಥ ಗೆರೆಗಳು. ಹತ್ತಾರು ಕೋಟಿ ವರ್ಷಗಳ ಹಿಂದೆ ಹರಿಯುವ ನೀರು ಮರಳಿನ ಮೇಲೆ ಬಿಟ್ಟ ಗುರುತುಗಳವು. ಮರಳು ಗಟ್ಟಿಯಾಗಿ ಕಲ್ಲಾಯಿತು, ಅಲೆ ಅಲ್ಲೇ ಉಳಿಯಿತು.

ಮರುದಿನ ಪಟ್ಟದಕಲ್ಲು. ಮಲಪ್ರಭೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಎರಡನೆಯ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯ ಅಂಗಳ ಎಳೆಬಿಸಿಲಿಗೆ ಬೆಚ್ಚಗಿತ್ತು. ಅವ್ವ ಗುಡಿಗಿಂತ ಹೆಚ್ಚು ಹೊತ್ತು ಹೊಳೆಯನ್ನೇ ನೋಡಿದಳು. ಮೊರಬ ಸೀಮೆಯ ಮಳೆನೀರು ತುಪ್ಪರಿಹಳ್ಳಕ್ಕೆ, ತುಪ್ಪರಿಹಳ್ಳ ಬೆಣ್ಣಿಹಳ್ಳಕ್ಕೆ, ಬೆಣ್ಣಿಹಳ್ಳ ಮಲಪ್ರಭೆಗೆ. ಆ ನೀರು ಈ ಗುಡಿಗಳ ಮುಂದೆಯೇ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಗಳು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದಾಗ ಅವ್ವ ನಕ್ಕಳು. “ಹಂಗಾದ್ರ ನಮ್ಮ ಹೊಲದ ನೀರು ನಮಗಿಂತ ಮೊದಲ ಇಲ್ಲಿಗೆ ಬಂದೈತಿ.”

ಹಾಸಿದ ತೊಗರಿ

ಐಹೊಳೆಯ ದುರ್ಗಗುಡಿ ನೋಡಿ, ಮೇಗುತಿಯ ಗುಡ್ಡ ಹತ್ತಿ ಇಳಿದು, ಕರದಂಟಿಗೆ ಹೆಸರಾದ ಅಮೀನಗಡದ ಕಡೆಗೆ ಕಾರು ಹೊರಟಾಗ ಹೊತ್ತು ನೆತ್ತಿಯ ಮೇಲಿತ್ತು. ಒಂದು ತಿರುವು ದಾಟುತ್ತಲೇ ರಸ್ತೆಯ ಉದ್ದಕ್ಕೂ ತೊಗರಿ ಕಟ್ಟಿಗೆ ಹಾಸಿತ್ತು, ಮೊಣಕಾಲೆತ್ತರ. ಒಂದು ಬದಿಗೆ ಕರಿಕಲ್ಲುಗಳ ಸಾಲು, ಇನ್ನೊಂದು ಬದಿಗೆ ತಗ್ಗು. ಮುಂದೆ ಹೋದ ಟ್ರ್ಯಾಕ್ಟರು ಅದರ ಮೇಲೆಯೇ ಹೋಗಿತ್ತು. ಯಜಮಾನನೂ ಹೋದ.

ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಕೆಳಗೆ ಪರಪರ ಸದ್ದು. ಕಡ್ಡಿಗಳು ಮುಂದಿನ ಗಾಲಿಯ ಶಾಫ್ಟಿಗೆ ಸುತ್ತಿಕೊಳ್ಳತೊಡಗಿದ್ದವು. ಅವ್ವನ ಮೂಗಿಗೆ ಮೊದಲು ವಾಸನೆ ಬಡಿಯಿತು. “ತಮ್ಮಾ, ಏನೋ ಸುಡಾಕತ್ತೈತಿ, ನಿಂದರಸೋ.” ಯಜಮಾನ ಬ್ರೇಕಿನ ಮೇಲೆ ಕಾಲಿಟ್ಟ. ಅಷ್ಟರಲ್ಲಿ ರಸ್ತೆಯ ಬದಿಯಿಂದ ಹೆಂಗಸೊಬ್ಬಳು ಕೈ ಬೀಸುತ್ತ ಓಡಿಬಂದಳು. “ನಿಂದರಬ್ಯಾಡ್ರಿ ಯಣ್ಣಾ! ಕಟಿಗಿ ಮ್ಯಾಲೆ ನಿಂದರಬ್ಯಾಡ್ರಿ! ಮುಂದ ಬರ್ರಿ!”

ಅವಳ ಮಾತು ಸರಿಯಾಗಿತ್ತು. ಕಾರಿನ ಹೊಗೆನಳಿಗೆಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕನ್ವರ್ಟರ್ ಎಂಬ ಭಾಗವಿದೆ. ಕೆಲಸ ಮಾಡುವಾಗ ಅದರ ಒಳಗಿನ ಶಾಖ 400 ಡಿಗ್ರಿ ಮೀರುತ್ತದೆ. ಒಣಗಿದ ಹುಲ್ಲು ಕಡ್ಡಿ ಹೊತ್ತಿಕೊಳ್ಳಲು ಅದಕ್ಕಿಂತ ಕಡಿಮೆ ಶಾಖ ಸಾಕು. ಕಾರು ಓಡುವಾಗ ಗಾಳಿಯಾದರೂ ಆಡುತ್ತದೆ, ಬಿಸಿ ನಳಿಗೆ ಒಂದೇ ಕಡ್ಡಿಗೆ ತಾಗಿಕೊಂಡಿರುವುದಿಲ್ಲ. ಕಟ್ಟಿಗೆಯ ಮೇಲೆಯೇ ನಿಂತರೆ ಅದು ಒಲೆಯ ಮೇಲೆ ನಿಂತಂತೆ. ಹೊಟ್ಟೆ ನೆಲಕ್ಕೆ ಹತ್ತಿರವಿರುವ ಸಣ್ಣ ಕಾರಿಗಂತೂ ಅಪಾಯ ಇಮ್ಮಡಿ. ಸುಗ್ಗಿಯ ದಿನಗಳಲ್ಲಿ ಹೀಗೆ ಹೊತ್ತಿ ಉರಿದ ಕಾರುಗಳ ಸುದ್ದಿ ಪತ್ರಿಕೆಗಳಲ್ಲಿ ಬಾರದ ವರ್ಷ ಕಡಿಮೆ.

ಕಾರು ತೆವಳುತ್ತ ಬರಿಯ ಡಾಂಬರಿಗೆ ಬಂತು. ಎಲ್ಲರೂ ಇಳಿದರು. ಆ ಹೆಂಗಸೇ ಕುಡಗೋಲು ತಂದುಕೊಟ್ಟಳು. ಯಜಮಾನ ಅಂಗಾತ ಮಲಗಿ ಅರ್ಧ ಗಂಟೆ ಕಡ್ಡಿ ಕೊಯ್ದು ಎಳೆದ. ಹೊರಬಂದ ಕೆಲವು ಕಡ್ಡಿಗಳ ತುದಿ ಕರಿಯಾಗಿತ್ತು. ಕ್ಯಾನಿನ ನೀರು ಆ ಕಡ್ಡಿಗಳ ಮೇಲೆ ಬಿತ್ತು. ಹೆಂಡತಿ ಒಂದೂ ಮಾತಾಡದೆ ಮಕ್ಕಳಿಬ್ಬರ ಕೈ ಹಿಡಿದು ದೂರ ನಿಂತಿದ್ದಳು.

ಯಜಮಾನನಿಗೆ ಸಿಟ್ಟು ಬಂದಿತ್ತು. “ರಸ್ತಾ ಏನ್ ನಿಮ್ಮ ಕಣ ಏನ್ರಿ?” ಎಂದ. ಹೆಂಗಸು ಸಿಟ್ಟಾಗಲಿಲ್ಲ. “ಕಣ ಎಲ್ಲೈತಿ ಯಣ್ಣಾ? ಹೊಲಾ ಬಿರಕ ಬಿಟ್ಟೈತಿ, ಕಾಳು ಬಿದ್ರ ಪಾತಾಳಕ್ಕ ಹೋಗತೈತಿ. ಎತ್ತು ಮಾರಿ ನಾಕು ವರ್ಷಾತು. ಮಷಿನ್ನಿನವರು ದೊಡ್ಡ ರಾಶಿ ಇದ್ದವರ ಹೊಲಕ್ಕ ಮೊದಲ ಹೊಕ್ಕಾರ. ನಮ್ಮದು ಎರಡ ಎಕರೆ.” ಯಜಮಾನ ಸುಮ್ಮನಾದ. ಇದೇ ಮಾತನ್ನು ಅವನು ಮೊರಬದಲ್ಲಿ ಬೈಕಿನವರಿಗೆ, ಬಸ್ಸಿನವರಿಗೆ ಎಷ್ಟು ಸಲ ಹೇಳಿಲ್ಲ?

ಹಿಂದೆ ಎರಿ ಸೀಮೆಯಲ್ಲಿ ಕಣ ಮಾಡುವುದೇ ಒಂದು ದೊಡ್ಡ ಕೆಲಸ. ನೆಲ ಕೆತ್ತಿ, ನೀರು ಹೊಡೆದು, ತುಳಿಸಿ, ಸೆಗಣಿ ಸಾರಿಸಿ ಬಿರುಕು ಮುಚ್ಚಬೇಕು. ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ಸುತ್ತ ತಿರುಗಿಸಬೇಕು. ಅದೇ ಹಂತಿ. ಚಳಿಯ ರಾತ್ರಿಗಳಲ್ಲಿ ನಿದ್ದೆ ಬಾರದಿರಲೆಂದು ಗಂಡಸರು ಹಂತಿಯ ಪದ ಹಾಡುತ್ತಿದ್ದರು. ಎತ್ತು ಕಡಿಮೆಯಾದವು, ಕೂಡಿ ದುಡಿಯುವ ಮುಯ್ಯಾಳು ಕಡಿಮೆಯಾಯಿತು, ಡಾಂಬರು ರಸ್ತೆ ಮನೆ ಬಾಗಿಲಿಗೆ ಬಂತು. ಬಿರುಕಿಲ್ಲದ, ಸಾರಿಸಬೇಕಿಲ್ಲದ ಕಣ ಪುಕ್ಕಟೆ ಸಿಕ್ಕಿತು. ಹಾದುಹೋಗುವ ಗಾಡಿಗಳೇ ಹಂತಿಯ ಎತ್ತುಗಳಾದವು. ಹೀಗೆ ರಾಶಿ ಮಾಡಬಾರದೆಂದು ಅಧಿಕಾರಿಗಳು ಸುಗ್ಗಿಗೊಮ್ಮೆ ಎಚ್ಚರಿಸುತ್ತಾರೆ. ಬದಲಿಗೆ ಕಣ ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಊರುಗಳು ಕಡಿಮೆ.

ಹೊರಡುವ ಮುನ್ನ ಅವ್ವ ಬುತ್ತಿಯಿಂದ ಎರಡು ಎಳ್ಳಹೋಳಿಗೆ ತೆಗೆದು ಆ ಹೆಂಗಸಿನ ಕೈಗಿಟ್ಟಳು. “ತಂಗೀ, ಕಲ್ಲರೆ ತಗಿಸವಾ ಸಂಜಿಕೆ. ಬೈಕಿನ ಮ್ಯಾಲೆ ಹುಡುಗರು ಬರತಾರ.”

ಗುಮ್ಮಟ ಮತ್ತು ಮರುದಾರಿ

ಆ ರಾತ್ರಿ ಕೂಡಲಸಂಗಮದಲ್ಲಿ ಕಳೆಯಿತು. ಬಸವಣ್ಣನವರ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋಗಿ ಬಂದ ಅವ್ವ, ಬೆಳಿಗ್ಗೆ ಸಂಗಮದ ನೀರು ತಲೆಗೆ ಹಚ್ಚಿಕೊಂಡಳು. ಮೂರನೆಯ ದಿನ ಆಲಮಟ್ಟಿಯ ಮೇಲೆ ಹಾದು ವಿಜಯಪುರ. ಚಳಿಗಾಲದಲ್ಲಿ ರಾಜ್ಯದಲ್ಲೇ ಹೆಚ್ಚು ತಣ್ಣಗಾಗುವ ಊರುಗಳಲ್ಲಿ ಇದೊಂದು. ಇಲ್ಲಿಯ ನೆಲದಡಿ ಇರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕರಿಕಲ್ಲು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿಯ ಮೇಲಿನ ಗುಮ್ಮಟದ ಹೊರ ಅಡ್ಡಳತೆ 44 ಮೀಟರ್. ಪಿಸುಮಾತಿನ ಮೊಗಸಾಲೆಯಲ್ಲಿ ಮಗ ಗೋಡೆಗೆ ಬಾಯಿಟ್ಟು “ಅಮ್ಮಾ, ಹಸಿವು” ಎಂದ. ಆಚೆ ಬದಿಯಲ್ಲಿದ್ದ ಅಕ್ಕನಿಗೆ ಅದು ಕಿವಿಯಲ್ಲೇ ಹೇಳಿದಂತೆ ಕೇಳಿತು. ಬಾಗಿದ ಗೋಡೆಯಗುಂಟ ಸದ್ದು ಜಾರುತ್ತ ಹೋಗಿ, ಚೆದುರದೆ ಇನ್ನೊಂದು ತುದಿ ಮುಟ್ಟುತ್ತದೆ.

ಈ ದಾರಿ ಹಿಡಿಯುವವರಿಗೆ ಎರಡು ಮಾತು. 28 ಲೀಟರಿನ ತುಂಬು ಟ್ಯಾಂಕಿನಲ್ಲಿ ಸಣ್ಣ ಕಾರು ಈ ಸುತ್ತನ್ನು ಮುಗಿಸಬಲ್ಲದಾದರೂ ವಿಜಯಪುರದಲ್ಲಿ ಮತ್ತೆ ತುಂಬಿಸಿಕೊಳ್ಳುವುದು ಜಾಣತನ. ರಸ್ತೆಯ ಮೇಲೆ ರಾಶಿ ಕಂಡರೆ ಬದಿಗೆ ನಿಂತು, ಇಳಿದು, ಒಂದು ಗಾಲಿಯಗಲದ ದಾರಿಯನ್ನಾದರೂ ಸರಿಸಿಕೊಡಲು ಕೇಳಬೇಕು. ಕೇಳಿದರೆ ಇಲ್ಲವೆನ್ನುವವರು ಕಡಿಮೆ.

ಕೊಲ್ಹಾರದ ಉದ್ದನೆಯ ಸೇತುವೆ ದಾಟಿ, ನರಗುಂದ, ನವಲಗುಂದ ಹಿಂದೆ ಬಿಟ್ಟು ಮೊರಬ ಹತ್ತಿರವಾದಾಗ ರಾತ್ರಿ ಹತ್ತು ಹೊಡೆದಿತ್ತು. ಊರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಕಾರಿನ ಬೆಳಕಿನಲ್ಲಿ ರಸ್ತೆಯಂಚಿಗೆ ಕರಿಯ ಗುಂಡುಗಳು ಕಂಡವು. ಯಾರೋ ರಾಶಿ ಎತ್ತಿಕೊಂಡು ಹೋಗಿದ್ದರು, ಕಾವಲಿಗೆ ಇಟ್ಟ ಕಲ್ಲುಗಳು ಅಲ್ಲೇ ಉಳಿದಿದ್ದವು. ಯಜಮಾನ ಕಾರು ನಿಲ್ಲಿಸಿ ಇಳಿದ. ಒಂದೊಂದಾಗಿ ಎತ್ತಿ ತಗ್ಗಿಗೆ ಉರುಳಿಸತೊಡಗಿದ. ಮಗನೂ ಇಳಿದು ಕೈಗೂಡಿಸಿದ.

ಕಾರಿನೊಳಗಿಂದ ಅವ್ವ ಕೇಳಿದಳು: “ನಾಳೆ ನಮ್ಮ ತೊಗರಿ ಎಲ್ಲಿ ಹಾಕಾಂವೋ ತಮ್ಮಾ?”

“ಹೊಲದಾಗ ತಾಡಪತ್ರಿ ಹಾಸೂಣವ್ವಾ. ನಾಲ್ಕ ದಿನಾ ಹೆಚ್ಚಿಗಿ ಹಿಡಿದ್ರ ಹಿಡೀಲಿ.”

ಅವ್ವ ಏನೂ ಹೇಳಲಿಲ್ಲ. ಶಾಲಿನ ಸೆರಗು ಬಿಗಿ ಮಾಡಿಕೊಂಡು, ಕಲ್ಲುಗಳು ಮುಗಿಯುವವರೆಗೆ ಕಿಟಕಿಯಿಂದ ನೋಡುತ್ತ ಕೂತಳು.