ಗೊಬ್ಬರದ ಗೂಟಗಳು

ಕಾಸರಗೋಡಿನ ಕಡೆ ಹಿತ್ತಿಲಲ್ಲಿ ತರಕಾರಿ ಮಾಡುವವರಿಗೆ ಗೊಬ್ಬರ ಹೊಂದಿಸುವುದಕ್ಕಿಂತ, ಹಾಕಿದ ಗೊಬ್ಬರವನ್ನು ಉಳಿಸಿಕೊಳ್ಳುವುದೇ ದೊಡ್ಡ ಚಿಂತೆ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಕೆಳಗೆ ನೀರು ನಿಲ್ಲದ ಮುರಕಲ್ಲಿನ ಮಣ್ಣು. ಬುಡಕ್ಕೆ ಎರಚಿದ ಯೂರಿಯಾ ಒಂದು ಜೋರು ಮಳೆಗೆ ತೋಡು ಸೇರುತ್ತದೆ.

ಹಟ್ಟಿಯಲ್ಲಿ ಹಸುವಿದ್ದಾಗ ನಾವು ಈ ಲೆಕ್ಕ ಇಟ್ಟವರಲ್ಲ. ನಮ್ಮದು ಗಿಡ್ಡ ತಳಿಯ ಹಸು. ಹಾಲು ಸ್ವಲ್ಪ, ಆದರೆ ಗೊಬ್ಬರಕ್ಕೆ ಕೊರತೆಯಿರಲಿಲ್ಲ. 2022ರಲ್ಲಿ ಅಜ್ಜಿಯ ಮೊಣಕಾಲು ನೋವು ಹೆಚ್ಚಾಯಿತು. ಹುಲ್ಲು ತರುವವರಿಲ್ಲದೆ ಹಸುವನ್ನು ಕೊಟ್ಟುಬಿಟ್ಟೆವು. ಆ ದಿನ ಅಜ್ಜಿ ಹಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಈಗ ನೆರೆಮನೆಯಿಂದ ವಾರಕ್ಕೊಂದು ಬುಟ್ಟಿ ಸೆಗಣಿ ಬರುತ್ತದೆ. ಬಸಳೆ, ಬೆಂಡೆ, ಅಲಸಂಡೆ ಮೂರಕ್ಕೂ ಅದೇ ಸಾಕಾಗಬೇಕು. ಗೂಟ ಮಾಡುವ ಉಪಾಯಕ್ಕೆ ಈ ಕೊರತೆಯೇ ಕಾರಣ.

ಒಣಗಿದ ಸೆಗಣಿಯ ಹುಡಿ ಎರಡು ಪಾಲು, ಬೇವಿನ ಹಿಂಡಿ ಒಂದು ಪಾಲು, ಜೇಡಿಮಣ್ಣು ಒಂದು ಪಾಲು, ಎಲುಬಿನ ಹುಡಿ ಅರ್ಧ ಪಾಲು. ಗಂಜಿಯ ತೆಳಿ ಚಿಮುಕಿಸುತ್ತಾ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಬೇಕು. ಹೆಬ್ಬೆರಳಿನಷ್ಟು ದಪ್ಪಕ್ಕೆ ಉರುಟಿ, ಒಂದು ತುದಿಯನ್ನು ಚೂಪು ಮಾಡಿ, ಹತ್ತು ದಿನ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೀಳುತ್ತವೆ.

ಬೂದಿ ಬೇಡವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. “ಸೆಗಣಿಗೆ ಬೂದಿ ಕಲಸಿದರೆ ಮೂಗಿಗೆ ಹೊಡೆಯುತ್ತದೆ ಮಗಾ, ಸತ್ವವೆಲ್ಲ ಹಾರಿಹೋಗುತ್ತದೆ” ಎಂದರು ಅಜ್ಜಿ. ವಿಜ್ಞಾನದ ಟೀಚರು ಹೇಳಿದ್ದೂ ಅದನ್ನೇ: ಬೂದಿ ಕ್ಷಾರ, ಅದು ತಾಗಿದರೆ ಸೆಗಣಿಯ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಆದುದರಿಂದ ಪೊಟ್ಯಾಷಿಗೆಂದು ಬೂದಿಯನ್ನು ಬೇರೆ ದಿನ ಹಾಕುತ್ತೇವೆ. ಬೇವಿನ ಹಿಂಡಿಯಿಂದ ಸಾರಜನಕ ಬೇಗನೆ ತೊಳೆದುಹೋಗುವುದು ತಪ್ಪುತ್ತದೆ. ಎಲುಬಿನ ಹುಡಿಯ ರಂಜಕ ನಮ್ಮ ಹುಳಿಮಣ್ಣಿನಲ್ಲಿ ನಿಧಾನವಾಗಿ ಬಿಟ್ಟುಕೊಳ್ಳುತ್ತದೆ.

ಬುಡದಿಂದ ಒಂದು ಗೇಣು ದೂರದಲ್ಲಿ ಮೊದಲು ಕೋಲಿನಿಂದ ತೂತು ಮಾಡಿ ಗೂಟ ಇಳಿಸಬೇಕು; ಬಡಿದರೆ ಮುರಿಯುತ್ತದೆ. ಗಿಡಕ್ಕೆ ಎರಡು ಸಾಕು.

ಕಳೆದ ಮಳೆಗಾಲದಲ್ಲಿ, ಹಾಕಿ ಒಂದು ತಿಂಗಳಾದ ಮೇಲೆ, ಬಸಳೆಯ ಪಕ್ಕದಲ್ಲಿ ಅಗೆದು ನೋಡಿದೆ. ಗೂಟ ಅರ್ಧ ಉಳಿದಿತ್ತು. ಬಿಳಿ ಬೇರುಗಳು ಅದನ್ನು ಸುತ್ತಿಕೊಂಡಿದ್ದವು. ಅಜ್ಜಿಗೆ ಹಿತ್ತಿಲಿಗೆ ಇಳಿಯಲು ಆಗದು. ಮಣ್ಣಿನ ಹೆಂಟೆಯನ್ನೇ ಜಗಲಿಗೆ ಒಯ್ದು ತೋರಿಸಿದೆ. ಬೆರಳಿನಿಂದ ಒತ್ತಿ ನೋಡಿ, “ಎಲುಬಿನ ಹುಡಿ ಇನ್ನೂ ಕಮ್ಮಿ ಮಾಡು, ಹೆಗ್ಗಣ ಬಂದೀತು” ಎಂದರು. ಅದು ಆಗಲೇ ಬಂದು ಹೋಗಿತ್ತು. ಬೆಂಡೆಯ ಸಾಲಿನಲ್ಲಿ ಐದು ತೂತುಗಳು ಬರಿದಾಗಿದ್ದವು.