ಎರಡು ಸಾಲಿನ ಊಟ

ಅಮೆರಿಕಕ್ಕೆ ಬಂದ ಹೊಸತರಲ್ಲಿ ನನ್ನಂಥ ಬ್ರಹ್ಮಚಾರಿಗಳ ಪಾಲಿನ ಅನ್ನದಾತ ಅಂದ್ರೆ ಇಂಡಿಯನ್ ರೆಸ್ಟೊರೆಂಟಿನ ಲಂಚ್ ಬಫೆ. ವಾರವಿಡೀ ಮೊಸರನ್ನ, ಮ್ಯಾಗಿ, ಮತ್ತೆ ಮೊಸರನ್ನ. ಶನಿವಾರ ಬೆಳಗಿನ ತಿಂಡಿಗೆ ಚಕ್ಕರ್ ಹೊಡೆದು, ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ಬಾಗಿಲು ತೆಗೆಯೋದನ್ನೇ ಕಾಯ್ತಾ ನಿಲ್ಲೋದು. ಒಂದೇ ರೇಟಿಗೆ ಎಷ್ಟು ಬೇಕಾದ್ರೂ ತಿನ್ನಬಹುದು ಅಂದ್ರೆ ಇಂಜಿನಿಯರ್ ತಲೆ ಸುಮ್ಮನಿರುತ್ತಾ? ಅನ್ನ ಹಾಕಿಕೊಂಡರೆ ಲಾಸು, ಪನೀರ್ ಹಾಕಿಕೊಂಡರೆ ಲಾಭ ಅನ್ನೋ ಲೆಕ್ಕ ತಟ್ಟೆ ಹಿಡಿಯೋ ಮೊದಲೇ ಶುರು!

ನೀವೂ ಗಮನಿಸಿರ್ತೀರಿ, ಯಾವ ಊರಿನ ಬಫೆಗೆ ಹೋದ್ರೂ ಹೆಚ್ಚು ಕಮ್ಮಿ ಅದೇ ಮೆನು. ಪಾಲಕ್ ಪನೀರ್, ಚನಾ ಮಸಾಲಾ, ತಂದೂರಿ ಚಿಕನ್, ಕೊನೆಗೆ ಗುಲಾಬ್ ಜಾಮೂನು. 1947ರ ದೇಶ ವಿಭಜನೆಯ ನಂತರ ನಿರಾಶ್ರಿತರಾಗಿ ದೆಹಲಿಗೆ ಬಂದವರು ಹೋಟೆಲುಗಳಲ್ಲಿ ಬೆಳೆಸಿದ ತಂದೂರಿ ರುಚಿಯೇ ಹೊರದೇಶದವರಿಗೆಲ್ಲ ‘ಭಾರತದ ಊಟ’ ಆಗಿಬಿಟ್ಟಿದೆ. ಇನ್ನೊಂದು ಕಾರಣ, ಬಿಸಿನೀರಿನ ಮೇಲೆ ಕೂತಿರೋ ಆ ಸ್ಟೀಲ್ ಟ್ರೇ. ಅದರಲ್ಲಿ ಎರಡು ಮೂರು ತಾಸು ಕೆಡದೆ ಕೂರೋದು ಈರುಳ್ಳಿ-ಟೊಮೆಟೊ ಗ್ರೇವಿ ಮಾತ್ರ. ನಮ್ಮ ದೋಸೆಯನ್ನು ಹತ್ತು ನಿಮಿಷ ಇಟ್ಟು ನೋಡಿ, ಚಪ್ಪಲಿ ಮಾಡಿಸ್ಕೋಬಹುದು!

ಬಫೆಯೇನೂ ಅಮೆರಿಕದವರ ಸ್ವಂತದ್ದಲ್ಲ. ಹೆಸರು ಫ್ರೆಂಚರದ್ದು. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಸ್ವೀಡನ್ನಿನವರು ತಮ್ಮ ‘ಸ್ಮೊರ್ಗಾಸ್‌ಬೋರ್ಡ್’ ಇಟ್ಟ ಮೇಲೆ ಈ ರೀತಿಯ ಊಟ ಇಲ್ಲಿ ಇನ್ನಷ್ಟು ಜನರಿಗೆ ಪರಿಚಯವಾಯಿತಂತೆ. 2020ರ ಕೋವಿಡ್ ಸಮಯದಲ್ಲಿ ಮುಚ್ಚಿದ ಎಷ್ಟೋ ಬಫೆಗಳು ಮತ್ತೆ ಶುರುವಾಗಲೇ ಇಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಅಮ್ಮ ತೀರಿಕೊಂಡ ಮೇಲೆ ಅವರ ಊಟ ಅಷ್ಟಕ್ಕಷ್ಟೆ. ಒಂದು ಸೌಟು ಅನ್ನ ಕಲಸಿಕೊಂಡು ಎದ್ದುಬಿಡೋರು. "ಹಸಿವಿಲ್ಲ ಮಾರಾಯ" ಅಂತ ಒಂದೇ ಉತ್ತರ. ಒಂದು ಶುಕ್ರವಾರ ನಮ್ಮ ಟೀಮಿನವರೆಲ್ಲ ಬಫೆಗೆ ಹೊರಟಾಗ ಅವರನ್ನೂ ಕರೆದುಕೊಂಡು ಹೋದೆ.

ಸಾಗರದ ಕಡೆಯ ಮದುವೆ ಮನೆಗಳಲ್ಲಿ ಅಪ್ಪ ಬಡಿಸೋಕೆ ಹೆಸರುವಾಸಿ. ಸಾರಿನ ಬಕೆಟ್ ಹಿಡಿದು ನೂರು ಎಲೆಯ ಪಂಕ್ತಿಯನ್ನು ಒಂದು ಹನಿ ಚೆಲ್ಲದೆ ಮುಗಿಸೋರು. ಅಂಥವರ ಕೈಗೆ ಖಾಲಿ ತಟ್ಟೆ ಕೊಟ್ಟು ಸಾಲಲ್ಲಿ ನಿಲ್ಲಿಸಿದರೆ? ಸುತ್ತ ಒಮ್ಮೆ ನೋಡಿ ಪಿಸುಗುಟ್ಟಿದರು, "ಇಲ್ಲಿ ಯಾರೂ ಬಡಿಸೋದಿಲ್ವನ?"

ಎರಡು ಚಮಚ ಅನ್ನ ತಂದು ಕೂತವರು, ಸ್ವಲ್ಪ ಹೊತ್ತಿಗೆ ಎದ್ದು ಹೋದರು. ವೇಟರ್ ಹತ್ತಿರ ಕೈಸನ್ನೆಯಲ್ಲೇ ಒಂದು ದೊಡ್ಡ ಬಟ್ಟಲು ಕೇಳಿ ಇಸ್ಕೊಂಡು, ಅದರ ತುಂಬ ಅಕ್ಕಿ ಪಾಯಸ ತಂದು, ನಮ್ಮ ಟೇಬಲ್ಲಿನ ಒಂದು ತುದಿಯಿಂದ ಬಡಿಸೋಕೆ ಶುರು ಮಾಡಿಬಿಟ್ಟರು! ಬಾಯಲ್ಲಿ ಅಚ್ಚ ಕನ್ನಡ: "ಸ್ವಲ್ಪ? ಇನ್ನೊಂದು ಸ್ವಲ್ಪ?" ನಮ್ಮ ಮ್ಯಾನೇಜರ್ ಆರೂವರೆ ಅಡಿಯ ಅಮೆರಿಕನ್. ಎರಡನೇ ಸೌಟು ಬೀಳುತ್ತಲೇ ಗಾಬರಿಯಾಗಿ ತಟ್ಟೆಗೆ ಅಡ್ಡ ಕೈ ಹಿಡಿದ. ಅಪ್ಪನ ಮುಖ ಅರಳಿತು. ನನ್ನ ಕಡೆ ತಿರುಗಿ, "ನೋಡಾ, ಇವನಿಗೂ ಪಂಕ್ತಿ ಊಟ ಗೊತ್ತಿದ್ದು!" ಅಂದರು.

ಎಲ್ಲರಿಗೂ ಬಡಿಸಿ ಬಂದು ಕೂತ ಮೇಲೆ ಬಟ್ಟಲು ನಾನು ತಗೊಂಡೆ. "ಸಾಕು, ಸಾಕು" ಅಂತ ಅಡ್ಡ ಹಿಡಿದ ಅವರ ಕೈಯ ಬೆರಳುಗಳ ನಡುವೆ ಸಂದಿ ಇತ್ತು. ಅಮ್ಮ ಆ ಸಂದಿಯಲ್ಲೇ ಬಡಿಸುತ್ತಿದ್ದಳು. ನಾನೂ ಬಡಿಸಿದೆ. ಅಪ್ಪ ಪಾಯಸ ಮುಗಿಸಿ, ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.

ಅಪ್ಪನಿಗೆ ಹಸಿವಿತ್ತು. "ಸಾವಕಾಶ ಊಟ ಮಾಡಿ" ಅನ್ನೋರು ಇರಲಿಲ್ಲ, ಅಷ್ಟೆ. ಬಫೆ ನಮ್ಮನ್ನು ಸಾಲಲ್ಲಿ ನಿಲ್ಲಿಸುತ್ತೆ, ಪಂಕ್ತಿ ಸಾಲಲ್ಲಿ ಕೂರಿಸುತ್ತೆ. ಇಷ್ಟು ವರ್ಷ ತಟ್ಟೆಯೊಳಗಿನ ಲಾಭ-ನಷ್ಟ ಎಣಿಸಿದ ನನಗೆ ಈ ವ್ಯತ್ಯಾಸ ಕಂಡಿದ್ದು ಅವತ್ತು.

ಅಪ್ಪ ಊರಿಗೆ ವಾಪಸ್ ಹೋಗಿದ್ದಾರೆ. ಪಕ್ಕದ ಮನೆಯ ಚಿಕ್ಕಮ್ಮನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದ್ದೇನೆ: "ಪಾತ್ರೆ ಮುಚ್ಚಿಟ್ಟು ಹೋಗ್ಬೇಡಿ, ಎದುರಿಗೆ ನಿಂತು ಬಡಿಸಿ." ನೀವೂ ಈ ವಾರ ಬಫೆಗೆ ಹೋದರೆ ಪಕ್ಕದಲ್ಲಿ ಕೂತವರಿಗೆ ಒಂದು ಸೌಟು ಬಡಿಸಿ ನೋಡಿ. ಕೈ ಅಡ್ಡ ಹಿಡಿದರೆ ಬೆರಳಿನ ಸಂದಿ ನೋಡೋದು ಮರೀಬೇಡಿ :)